ಅತ್ತೆಯ ಹೊಲಕ್ಕೆ ಹಳದಿ ಬಣ್ಣ

ಹೋದ ತಿಂಗಳು ಒಂದು ಭಾನುವಾರ, ಮೌಸ್‌ನ ಒಂದೇ ಕ್ಲಿಕ್ಕಿಗೆ, ನಮ್ಮೂರು ಆನಗೋಡಿನ ಅರ್ಧ ಭಾಗವನ್ನು ನಾನು ನಮ್ಮ ಸೋದರತ್ತೆಗೆ ಕೊಟ್ಟುಬಿಟ್ಟೆ. ಪಕ್ಕದವರ ಹೊಲ, ಗೋಮಾಳ, ಹಳ್ಳ, ಕೊನೆಗೆ ಹೈವೇ ಕೂಡ. ಅತ್ತೆ ಕೂಡಲೇ ಬೇಡ ಅನ್ನಲಿಲ್ಲ.

ವಿಷಯ ಏನಪ್ಪಾ ಅಂದರೆ, ನಾನು ಕೆ.ಬಿ. ಬಡಾವಣೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೇನೆ. (ಈ ವಯಸ್ಸಿನಲ್ಲಾ? ಹೌದು, ಈ ವಯಸ್ಸಿನಲ್ಲೇ.) ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಹಾಗಾಗಿದೆ ನನ್ನ ಕಥೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಬಣ್ಣದ ಲೇಬಲ್ ಪ್ರಿಂಟ್ ಹೊಡೆದದ್ದಾಯಿತು. ಉಪ್ಪಿನ ಡಬ್ಬಿ ಈಗ ಮದುವೆ ಕಾರ್ಡಿನ ಹಾಗೆ ಕಾಣುತ್ತದೆ.

ಅಷ್ಟರಲ್ಲಿ ಹರಿಹರದಲ್ಲಿ ಚಿಕ್ಕಪ್ಪ ಹೊಸ ಮನೆ ಕಟ್ಟಿಸಿ ಮುಗಿಸಿದರು. ಗೃಹಪ್ರವೇಶಕ್ಕೆ ಏನು ಉಡುಗೊರೆ? ಗೋಡೆ ಗಡಿಯಾರ ಎಲ್ಲರೂ ಕೊಡುತ್ತಾರೆ. ನಾನು ಅಜ್ಜನ ಕಾಲದ ನಮ್ಮ ಹೊಲಗಳ ನಕಾಶೆಯನ್ನೇ ಕಂಪ್ಯೂಟರಿಗೆ ಹಾಕಿ, ಬಣ್ಣ ತುಂಬಿ, ಫ್ರೇಮ್ ಕಟ್ಟಿಸಿ ಕೊಡೋಣ ಅಂದುಕೊಂಡೆ. ಅಪ್ಪ ಟ್ರಂಕಿನಿಂದ ಊರಿನ ಹಳೇ ಸರ್ವೆ ನಕಾಶೆ ತೆಗೆದುಕೊಟ್ಟರು. ಸ್ಕ್ಯಾನ್ ಆಯಿತು. ಬಣ್ಣ ಆರಿಸಲು ಮನೆಮಂದಿಯೇ ಕ್ಲಾಸಿಗೆ ಬಂದರು: ಅಪ್ಪ, ಅವರ ತಮ್ಮ ಚಿಕ್ಕಪ್ಪ, ಇಬ್ಬರಿಗೂ ತಂಗಿಯಾದ ಗಂಗತ್ತೆ. ಅತ್ತೆಯನ್ನು ಕೊಟ್ಟಿರುವುದೂ ಹರಿಹರಕ್ಕೇ.

ಎ.ಸಿ. ರೂಮು, ಚಪ್ಪಲಿ ಹೊರಗೆ ಬಿಡಬೇಕು. ಬಿಟ್ಟು ಒಳಗೆ ಬಂದ ಅತ್ತೆ ಮಾನಿಟರಿಗೆ ಕೈ ಮುಗಿದರು.

“ಅದು ದೇವರಲ್ಲ ಅತ್ತೆ.”

“ಇರ್ಲಿ ಬಿಡವ್ವ. ಹೊರಗ ಚಪ್ಪಲಿ ಬಿಡಿಸ್ಯಾರಂದ್ರೆ ಒಳಗ ಏನಾರ ಇದ್ದೇ ಐತೆ.”

ಅಪ್ಪ ಕೆಂಪು ಆರಿಸಿದರು, ಚಿಕ್ಕಪ್ಪ ಹಸಿರು. ಬಕೆಟ್ ಚಿತ್ರ ಒತ್ತಿ ಹೊಲದೊಳಗೆ ಕ್ಲಿಕ್ ಮಾಡಿದರೆ ಸಾಕು, ಬದುವಿನಿಂದ ಬದುವಿನ ತನಕ ಬಣ್ಣ ತುಂಬುತ್ತಿತ್ತು. ಇಬ್ಬರೂ ಮಕ್ಕಳ ಹಾಗೆ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಎಂದೋ ಮಾರಿದ ಹೊಲಗಳಿಗೂ ಬಣ್ಣ ಹಾಕಿಸಿಕೊಂಡರು. (ಅಜ್ಜನ ಕಾಲದ್ದು ತಾನೆ, ಯಾರು ಕೇಳುತ್ತಾರೆ?)

ಆಗ ಹಿಂದಿನಿಂದ ಅತ್ತೆಯ ದನಿ. “ನಂದು ಯಾವ ಬಣ್ಣನವ್ವ?”

ಅಪ್ಪ ಚಿಕ್ಕಪ್ಪನ ಕಡೆ ನೋಡಿದರು, ಚಿಕ್ಕಪ್ಪ ಎ.ಸಿ. ಕಡೆ.

ಹುಣಸೆಮರದಿಂದ ಹಳ್ಳದವರೆಗಿನ ಒಂದು ತುಂಡು ಹೊಲವನ್ನು ಅಜ್ಜ ಅತ್ತೆಯ ಮದುವೆಯಲ್ಲಿ ಅರಿಶಿನ-ಕುಂಕುಮಕ್ಕೆಂದು ಕೊಟ್ಟಿದ್ದರು. ಬಾಯಿಮಾತಿನಲ್ಲಿ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಪಹಣಿಯಲ್ಲಿ ಅತ್ತೆಯ ಹೆಸರು ಏರಲೇ ಇಲ್ಲ. ಅಣ್ಣ ತಮ್ಮಂದಿರು ಪಾಲಾದಾಗ ಆ ತುಂಡು ಚಿಕ್ಕಪ್ಪನ ಕಡೆ ಹೋಯಿತು. ಸುಗ್ಗಿಗೆ ಒಂದು ಚೀಲ ಜೋಳ, ಪಂಚಮಿಗೆ ಒಂದು ಸೀರೆ, ಅಲ್ಲಿಗೆ ಅತ್ತೆಯ ಬಾಬ್ತು ಮುಗಿಯಿತು.

“ಅಲ್ಲ ಗಂಗಾ,” ಚಿಕ್ಕಪ್ಪ ಕೆಮ್ಮಿದರು, “ಕಾಗದದಾಗ ಇಲ್ಲಲ್ಲ ಅದು.”

“ನಾನೇನು ಹೊಲ ಕೇಳಿದ್ನಾ? ಬಣ್ಣ ಕೇಳ್ದೆ.”

“ಹಾಕವ್ವ, ಹಾಕು. ಅಪ್ಪ ಕೊಟ್ಟಿದ್ದು ಸುಳ್ಳೇನು?” ಅಂದರು ನಮ್ಮಪ್ಪ. ತಮ್ಮನ ಪಾಲಿನ ಹೊಲವನ್ನು ತಂಗಿಗೆ ಕೊಡಿಸುವಾಗ ಅಣ್ಣಂದಿರು ಎಂಥ ಉದಾರಿಗಳು ನೋಡಿ.

ಅರಿಶಿನದ ಹೊಲ ಹಳದಿಯೇ ಇರಲಿ ಅಂದೆ. ಅಲ್ಲಿದ್ದ ಹಸಿರನ್ನು ಅಳಿಸಿ, ಅತ್ತೆಯ ತುಂಡಿಗೆ ನಾನೇ ಗೆರೆ ಎಳೆದು, ಬಕೆಟ್ ಒತ್ತಿದೆ. ಅಳಿಸುವ ಭರದಲ್ಲಿ ಬದುವನ್ನೂ ಒಂಚೂರು ಅಳಿಸಿಬಿಟ್ಟಿದ್ದು ಗಮನಕ್ಕೆ ಬರಲಿಲ್ಲ. ಹಳೇ ನಕಾಶೆ, ಸುತ್ತಲಿನ ಗೆರೆಗಳೂ ಅಲ್ಲಲ್ಲಿ ಮಾಸಿದ್ದವು. ಹಳದಿ ಹೊರಗೆ ನುಗ್ಗಿತು. ಹಳ್ಳ ದಾಟಿತು, ಗೋಮಾಳ ನುಂಗಿತು, ಹೈವೇ ಹತ್ತಿತು.

“ತೆಗಿಯವ್ವ, ತೆಗಿ,” ಚಿಕ್ಕಪ್ಪ ಎದ್ದೇ ನಿಂತರು. (ನಾನು ಬೇಕಂತಲೇ ಮಾಡಿದೆ ಎಂದು ಅವರು ಇವತ್ತಿಗೂ ನಂಬಿದ್ದಾರೆ.)

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬಂದರೂ ನಿಲ್ಲದ ನಗು. ಅಪ್ಪ ನಕ್ಕರು, ನಾನು ನಕ್ಕೆ, ಕೊನೆಗೆ ಚಿಕ್ಕಪ್ಪನೂ ಕೂತು ನಕ್ಕರು.

“ಇಷ್ಟೊಂದು ಯಾರು ಬಿತ್ತೋರು? ನಂದಷ್ಟು ನಂಗೆ ಕೊಡು, ಸಾಕು,” ಅಂದರು ಅತ್ತೆ. ಅನ್‌ಡೂ ಒತ್ತಿ, ಗೆರೆ ಸರಿ ಮಾಡಿ, ಅವರದ್ದಷ್ಟನ್ನು ಕೊಟ್ಟೆ.

ಗೃಹಪ್ರವೇಶದ ದಿನ ಫ್ರೇಮು ನಡುಮನೆಯಲ್ಲಿ, ಬಾಗಿಲ ಎದುರಿಗೇ ತೂಗಿತು. ಬಂದವರೆಲ್ಲ ಮುಂದೆ ನಿಂತರು. ಕೆಂಪು ಯಾರದು, ಹಸಿರು ಯಾರದು? ಎಲ್ಲರ ಬೆರಳೂ ಕೊನೆಗೆ ಹಳದಿಯ ಮೇಲೆ. “ಅದು ನಮ್ಮ ಗಂಗಂದು,” ಎಂದು ಚಿಕ್ಕಪ್ಪ ಮೊದಮೊದಲು ಮೆಲ್ಲಗೆ ಅಂದರು. ಊಟದ ಹೊತ್ತಿಗೆ ದನಿ ಏರಿತ್ತು. “ಅದಾ? ನಮ್ಮ ತಂಗೀದ್ರಿ. ನಮ್ಮಪ್ಪ ಕೊಟ್ಟಿದ್ದು.” ಹೇಳಿ ಹೇಳಿ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಸೇರಿಕೊಂಡಿತ್ತು.

ಬೀಗರೊಬ್ಬರು ಹೋಳಿಗೆ ಅಗಿಯುತ್ತಾ ಕೇಳಿದರು, “ಪಹಣೀನೂ ಅವ್ರ ಹೆಸರಲ್ಲೇ ಐತೇನ್ರಿ?”

ತುಪ್ಪ ಬಡಿಸುತ್ತಿದ್ದ ಚಿಕ್ಕಪ್ಪ ಸುತ್ತ ನೋಡಿದರು. ಪಂಕ್ತಿಯವರೆಲ್ಲ ಕಿವಿಗೊಟ್ಟಿದ್ದಾರೆ. ಏನನ್ನಬೇಕು? “ಮಾಡಿಸ್ತೀನ್ರಿ,” ಅಂದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವ ನಮ್ಮ ಜನವೇ ಹೌದ್ಹೌದು ಎಂದು ತಲೆಯಾಡಿಸಿದರು. ಅತ್ತೆ ಬಂದು ಬೀಗರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ನನಗಂತೂ ಅಲ್ಲೇ ಕುಣಿಯುವಷ್ಟು ಖುಷಿ.

ಮೊನ್ನೆ ಚಿಕ್ಕಪ್ಪ ಪಹಣಿಗೆ ಅತ್ತೆಯ ಹೆಸರು ಏರಿಸಲು ನಿಜವಾಗಿಯೂ ಅರ್ಜಿ ಕೊಟ್ಟು ಬಂದರು. ಅಪ್ಪ ತಮ್ಮನ ಬೆನ್ನು ತಟ್ಟಿ, “ಭೇಷ್, ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಬಾರ್ದು ನೋಡು,” ಅಂದರು. ನಾನು ಮನೆಗೆ ಬಂದು, ನನ್ನ ಹತ್ತಿರ ಉಳಿದಿದ್ದ ನಕಾಶೆಯ ಪ್ರತಿಯನ್ನು ಇನ್ನೊಮ್ಮೆ ನೋಡಿದೆ. ಅಪ್ಪನ ಕೆಂಪಷ್ಟೂ ನನ್ನ ಅಣ್ಣನಿಗೆ ಎಂದು ಮನೆಯಲ್ಲಿ ಮಾತು. ಅದೂ ಬಾಯಿಮಾತೇ. ವಾರವಾರ ನಾನು ಪತ್ರಿಕೆಗೆ ಬರೆಯುವ ಈ ಅಂಕಣವನ್ನು ಅಪ್ಪ ಒಮ್ಮೆಯೂ ಓದದೆ ಬಿಡುವುದಿಲ್ಲ.

ಅಪ್ಪಾ, ನನಗೆ ಗುಲಾಬಿ ಬಣ್ಣ ಇಷ್ಟ.