ಅತ್ತೆ ಮೆತ್ತಿದ ಗೋಡೆ

ನಮ್ಮ ಅತ್ತೆಯ ಉಗುರಿನ ಸಂದಿಯಲ್ಲಿ ಯಾವಾಗಲೂ ಬೆಳ್ಳಗೆ ಏನೋ ಅಂಟಿಕೊಂಡಿರುತ್ತಿತ್ತು. ಬಂದವರು ಅದನ್ನು ನೋಡಿ, "ರೊಟ್ಟಿ ಬಡಿಯೋದು ಬಿಟ್ಟು ಎದ್ದು ಬಂದ್ರೇನ್ರಿ? ಹೋಗ್ರಿ, ಮದಲ ಮುಗಿಸ್ಕೊರ್ರಿ" ಎನ್ನುತ್ತಿದ್ದರು. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು "ಹೂನ್ರಿ" ಎಂದು ಒಳಗೆ ಹೋಗುತ್ತಿದ್ದರು. ಅದು ಜೋಳದ ಹಿಟ್ಟಲ್ಲ, ಬಿಳಿ ಸಿಮೆಂಟು. ಮನೆಯಲ್ಲಿ ರೊಟ್ಟಿ ಬಡಿಯುವವಳು ನಾನು. ಹುನಗುಂದದ ಹೈಸ್ಕೂಲಿಗೆ ಪಾಠ ಮಾಡಲು ಬಸ್ಸು ಹಿಡಿಯುವ ಮುಂಚೆ ಬಡಿದಿಟ್ಟು ಹೋಗುತ್ತಿದ್ದೆ. ಅತ್ತೆಯ ಪಾಲಿನ ಕೆಲಸ ಗೋಡೆ ಮೆತ್ತುವುದು.

ಅವರ ಹೆಸರು ನೀಲವ್ವ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ, ಹಳೆ ಊರಿನ ಮನೆ ಹಿನ್ನೀರಿಗೆ ಹೋದ ಮೇಲೆ ಕಟ್ಟಿಸಿದ್ದು. ಮಾವ ಸಾಲಿ ಮಾಸ್ತರರಾಗಿದ್ದವರು. ಸುತ್ತಲಿನ ಓಣಿಗಳಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದ ಗಂಡಸರು ಕಡಿಮೆ. ಎಂಬತ್ತರ ಹತ್ತಿರ ಬಂದಾಗ ಅವರಿಗೆ ಮರೆವು ಹತ್ತಿತು. ಮೊದಲು ಜನರ ಹೆಸರು ಮರೆತರು, ಆಮೇಲೆ ಉಂಡದ್ದು ಮರೆತರು, ಕಡೆಗೆ ಮನೆಯನ್ನೇ ಮರೆತರು. ಹಳೆಯದನ್ನಲ್ಲ, ಅದು ಅವರಿಗೆ ಚೊಕ್ಕ ನೆನಪಿತ್ತು. ಮರೆತದ್ದು ನಾವಿರುವ ಈ ಮನೆಯನ್ನು.

ಹಳೆ ಮನೆಯ ಪಡಸಾಲೆಯ ಗೋಡೆಯಲ್ಲಿ, ಬಾಗಿಲ ಎಡಕ್ಕೆ, ಗೂಡಿನಂಥ ಒಂದು ಮಾಡವಿತ್ತಂತೆ. ಮಾವ ತಮ್ಮ ಚಾಳೀಸು ಕನ್ನಡಕ, ಎಲೆ ಅಡಿಕೆಯ ಚಂಚಿ, ಮುರುಕು ಸೀಮೆಸುಣ್ಣ ಎಲ್ಲವನ್ನೂ ಅದರಲ್ಲಿಡುತ್ತಿದ್ದರು. ಈ ಮನೆಯಲ್ಲೂ ಅವರ ಕೈ ಅಲ್ಲಿಗೇ ಹೋಗುತ್ತಿತ್ತು, ಹೋಗಿ ಗಿಲಾವಿಗೆ ಬಡಿಯುತ್ತಿತ್ತು. ಆಗ ಅವರು ಗೋಡೆಯನ್ನು ಮೇಲೆ ಕೆಳಗೆ ಸವರಿ, "ಇಲ್ಲೊಂದ ಮಾಡ ಇತ್ತಲ್ಲ. ಯಾರು ಮುಚ್ಚಿದ್ರು ಇದನ್ನ?" ಎಂದು ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ತಾವೇ ಅಗೆಯಲು ಶುರು ಮಾಡುತ್ತಿದ್ದರು. ನನ್ನ ಗಂಡ ಪಾನಾ, ಚಾಕು, ಸ್ಕ್ರೂ ಡ್ರೈವರು ಎಲ್ಲ ಟ್ರಂಕಿಗೆ ಹಾಕಿ ಕೀಲಿ ಜಡಿದರು. ಮಾವ ಚಮಚದ ಹಿಡಿಕೆಯಲ್ಲಿ ಕೆರೆದರು. ನಾವೆಲ್ಲ ಕೆಲಸಕ್ಕೆ ಹೋಗಿ, ಅತ್ತೆಗೆ ಮಧ್ಯಾಹ್ನ ಕಣ್ಣು ಹತ್ತಿದ ಹೊತ್ತಿನಲ್ಲೇ ಇದೆಲ್ಲ ನಡೆಯುತ್ತಿತ್ತು.

ಸಂಜೆಯಾದರೆ ಮಾವನಿಗೆ ಅಗೆದದ್ದು ನೆನಪಿರುತ್ತಿರಲಿಲ್ಲ. ಗೋಡೆಯ ಮುಂದೆ ನಿಂತು ಸಿಟ್ಟಾಗುತ್ತಿದ್ದರು. "ಏನಿದು? ಯಾರ ಹಾಳ ಮಾಡಿದ್ರು ಗ್ವಾಡಿನ?"

"ಇಲಿ ಮಾಡ್ಯಾವ್ರಿ," ಎನ್ನುತ್ತಿದ್ದರು ಅತ್ತೆ.

"ಸಿಮೆಂಟಿನ ಗ್ವಾಡಿ ಇಲಿ ಕಡೀತಾವ?"

"ಈಗಿನ ಇಲಿ ಭಾಳ ಗಟ್ಟಿ ಅದಾವ್ರಿ."

ಮಾವ ಅದನ್ನು ಖರೆ ಎಂದುಕೊಂಡು ಪೇಟೆಯಿಂದ ಇಲಿ ಬೋನು ತರಿಸಿದರು. ದಿನಾ ಅದರಲ್ಲಿ ರೊಟ್ಟಿ ಚೂರು ಸಿಕ್ಕಿಸಿ ಗೋಡೆಯ ಬುಡಕ್ಕೆ ಇಟ್ಟು, ಬೆಳಿಗ್ಗೆ ಎದ್ದು ನೋಡಿ, "ಶಾಣ್ಯಾ ಅದಾವ, ಸಿಗವಲ್ವು" ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ಅತ್ತೆಗೆ ಬರುತ್ತಿರಲಿಲ್ಲ. ಅವರು ಬುಟ್ಟಿ ಹಿಡಿದು ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು.

ಮೆತ್ತುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮೊದಲ ಸಲ ಗೋಧಿ ಕಣಕ ತುಂಬಿದರು, ಎರಡೇ ದಿನಕ್ಕೆ ಗೋಡೆಗೆ ಇರುವೆ ಮುತ್ತಿದವು. ಆಮೇಲೆ ಪಕ್ಕದ ಜಾಗದಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿಯನ್ನು ಕೇಳಿ ಬಂದರು. ತೂತಿನೊಳಗಿನ ಧೂಳು ಜಾಡಿಸಬೇಕು, ನೀರು ಚಿಮುಕಿಸಬೇಕು, ಆಳವಿದ್ದರೆ ಒಂದೇ ಸಲಕ್ಕೆ ತುಂಬಬಾರದು. ಇಷ್ಟೇ ಅವರ ವಿದ್ಯೆ. ಗೋಡೆಯ ಬಣ್ಣ ತಿಳಿ ಹಳದಿ, ಮೆತ್ತಿದ್ದು ಬಿಳಿ. ಅದು ಎದ್ದು ಕಾಣುತ್ತದೆಂದು ಒಮ್ಮೆ ಸಿಮೆಂಟಿಗೆ ಅರಿಶಿನ ಕಲಸಿದರು. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೆ ಸಿಮೆಂಟೂ ಅದರ ತಮ್ಮನೇ ಎಂಬುದು ಅವರಿಗೆ ಹೊಳೆಯಲಿಲ್ಲ. ನಾನು ಸಾಲೆಯಿಂದ ಬಂದಾಗ ಪಡಸಾಲೆಯ ಗೋಡೆಯ ಮೇಲೆ ಅಂಗೈ ಅಗಲದ ಕೆಂಪು. ಅತ್ತೆ ಹಣೆ ಬಡಿದುಕೊಂಡರು. "ಗ್ವಾಡಿಗೆ ಆರತಿ ನೀರ ಬಳದಂಗಾತಲ್ಲವ್ವ. ಇನ್ನ ಇದಕ್ಕ ಉಡಿ ತುಂಬೋದೊಂದ ಉಳೀತು." ಆ ಒಂದು ದಿನ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಗೌಂಡಿ ಹೇಳಿದ ಮಾತನ್ನು ಅವರು ಸಂಸಾರಕ್ಕೂ ಹಚ್ಚುತ್ತಿದ್ದರು. ನಾನೂ ನನ್ನ ಗಂಡನೂ ಜಗಳಾಡಿ ಮಾತು ಬಿಟ್ಟರೆ, "ಮದಲ ಧೂಳ ಜಾಡಸ್ರಿ. ಹಸಿ ಮಾಡ್ರಿ. ಒಮ್ಮಿಗೇ ತುಂಬಾಕ ಹೋಗಬ್ಯಾಡ್ರಿ, ಬಿರಕ ಬಿಡತೈತಿ" ಎನ್ನುತ್ತಿದ್ದರು. ಬಸ್ಸಿನಲ್ಲಿ ನಿಂತೇ ಬಂದು ಸೊಂಟ ಹಿಡಿದ ಹೊತ್ತಿಗೆ ಈ ಉಪದೇಶ ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ನನ್ನ ಗಂಡ ಒಂದು ದಿನ ಹೇಳಿಯೇಬಿಟ್ಟರು. "ಯವ್ವಾ, ದಿನಾ ಅದನ್ನ ಯಾಕ ಮುಚ್ಚತೀದಿ? ಹಂಗ ಬಿಡು. ಇದ್ರ ಇರವಲ್ದ್ಯಾಕ ಒಂದ ತೂತು."

ಅತ್ತೆ ತಲೆ ಎತ್ತಲಿಲ್ಲ. "ಬಿಟ್ರ ನಾಳೆ ಬಂದವ್ರು ಕೇಳ್ತಾರ. ಮಾಸ್ತರಗ ಹುಚ್ಚ ಹಿಡದೈತಿ ಅಂತ ಓಣಿ ತುಂಬ ಆಕ್ಕೈತಿ. ತಲಿ ಎತ್ತಿ ತಿರುಗಿದ ಮನಶಾ ಅವರು. ನಾ ಇರೂತನಕ ಆ ಮಾತ ಬರಗೊಡೂದಿಲ್ಲ."

ಅಷ್ಟಕ್ಕೇ ಅವರು ತಮ್ಮ ಮೊಣಕಾಲು ಸವೆಸುತ್ತಿದ್ದರು. ವಿಚಿತ್ರವೆಂದರೆ, ಅವರು ಮೆತ್ತಿದ್ದೇ ಮಾವನಿಗೆ ಗುರುತಾಗುತ್ತಿತ್ತು. ಹಸಿ ಗಿಲಾವು ಕಂಡ ಕೂಡಲೇ, "ನೋಡು, ಇಲ್ಲೇ ಮುಚ್ಚ್ಯಾರ" ಎಂದು ಮತ್ತೆ ಅಲ್ಲೇ ಕೆರೆಯುತ್ತಿದ್ದರು. ಇದು ಅತ್ತೆಗೂ ಗೊತ್ತಿತ್ತು. "ನಾ ಮುಚ್ಚತೇನಂತ ಅವರು ಅಗೀತಾರ, ಅವರು ಅಗೀತಾರಂತ ನಾ ಮುಚ್ಚತೇನಿ. ಯಾರರ ಒಬ್ಬರಿಗೆ ಸಾಕಾಗಬೇಕ ನೋಡವ್ವ," ಎಂದು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದರು.

ನನ್ನ ಮಗಳು ಸುಮಾಳನ್ನು ನೋಡಲು ಇಳಕಲ್ಲಿನಿಂದ ಗಂಡಿನ ಕಡೆಯವರು ಬಂದ ದಿನ ಈ ಆಟ ಬೇರೆಯಾಯಿತು. ಹಿಂದಿನ ದಿನವೇ ಅತ್ತೆ ತೂತನ್ನು ಮೆತ್ತಿ, ಉಜ್ಜಿ, ಮೇಲೆ ಕ್ಯಾಲೆಂಡರು ತೂಗುಹಾಕಿದ್ದರು. ಬಂದವರಿಗೆ ಉಪ್ಪಿಟ್ಟು ಕೊಟ್ಟಾಯಿತು. ಹುಡುಗನ ತಂದೆ ಸುಮಾಳಿಗೆ ಏನೋ ಕೇಳುತ್ತಿದ್ದರು. ಅಷ್ಟರಲ್ಲಿ ಮಾವ ತಟ್ಟೆಯ ಚಮಚ ಹಿಡಿದುಕೊಂಡು ಎದ್ದರು, ಕ್ಯಾಲೆಂಡರು ತೆಗೆದು ಕೆಳಗಿಟ್ಟರು, ಕೆರೆಯತೊಡಗಿದರು. ಮಾತೆಲ್ಲ ನಿಂತು, ಪಡಸಾಲೆಯಲ್ಲಿ ಆ ಕರಕರ ಸದ್ದೊಂದೇ ಉಳಿಯಿತು.

"ಯಾರು ಮುಚ್ಚಿದ್ರು ಇದನ್ನ?" ಮಾವ ತಿರುಗಿ ಎಲ್ಲರನ್ನೂ ಕೇಳಿದರು, ತರಗತಿಯಲ್ಲಿ ಕೇಳಿದ ಹಾಗೆ.

ಅತ್ತೆ ಇಲಿಯ ಹೆಸರು ಹೇಳುತ್ತಾರೆಂದು ನಾನು ಕಾದೆ. ಅವರು ಅಡುಗೆಮನೆಯ ಬಾಗಿಲಿಂದ ಬಂದು ಅಷ್ಟು ಜನರ ನಡುವೆ ಮಾವನ ಎದುರಿಗೆ ನಿಂತರು. ಬಹಳ ದಣಿದಿದ್ದರು. ಸುಳ್ಳು ಹೇಳಲೂ ತ್ರಾಣ ಇರಲಿಲ್ಲವೋ ಏನೋ.

"ನಾನ ಮುಚ್ಚೇನ್ರಿ," ಎಂದರು. "ದಿನಾ ನಾನ ಮುಚ್ಚತೇನಿ."

ಮಾವ ಅವರ ಮುಖವನ್ನೇ ನೋಡಿದರು. "ನೀನ? ಮದಲ ಹೇಳಬಾರದ? ನೀ ಮುಚ್ಚಿದ್ರ ಇರಲಿ ಬಿಡು." ಚಮಚವನ್ನು ಅತ್ತೆಯ ಕೈಗೆ ಕೊಟ್ಟು, ಹೋಗಿ ಕುರ್ಚಿಯಲ್ಲಿ ಕೂತು, ಉಳಿದ ಉಪ್ಪಿಟ್ಟಿಗೆ ಬೇರೆ ಚಮಚ ಕೇಳಿದರು.

ಬಂದವರು ಫೋನು ಮಾಡುತ್ತೇವೆಂದು ಹೋದರು, ಮಾಡಲಿಲ್ಲ. ನಾವೂ ಕೇಳಲಿಲ್ಲ. "ಛಲೋ ಆತು ಬಿಡವ್ವ, ಆ ಹುಡುಗ ಕುಂತಷ್ಟೂ ಹೊತ್ತು ಮೊಬೈಲ್ ನೋಡಾಕತ್ತಿದ್ದ," ಎಂದಳು ಸುಮಾ. ಅತ್ತೆ ಮಾತ್ರ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಸಂಬಂಧ ತಪ್ಪಿದ್ದಕ್ಕೆಂದು ನಾನು ತಿಳಿದಿದ್ದೆ. ಸಮಾಧಾನ ಮಾಡಲು ಹೋದರೆ ಅವರು ಬೇರೆಯೇ ಹೇಳಿದರು. "ಇಷ್ಟ ದಿನ ಇಲಿ ಇಲಿ ಅಂತ ಯಾಕ ಸುಳ್ಳ ಹೇಳಿದೆ ನಾ? ಒಂದ ಮಾತಿಗೆ ಬಿಟ್ಟಬಿಟ್ಟರಲ್ಲ."

ಬಿಟ್ಟದ್ದು ಅವತ್ತಿಗೆ ಮಾತ್ರ. ಮರುದಿನ ಮಧ್ಯಾಹ್ನ ಮತ್ತೆ ಕೈ ಗೋಡೆಗೆ ಹೋಯಿತು, ಮತ್ತೆ ಅದೇ ಪ್ರಶ್ನೆ. "ನಾನ್ರಿ" ಎಂದರೆ ಮಾವ ತೆಪ್ಪಗಾಗುತ್ತಿದ್ದರು. ಹಾಗಾಗಿ ಅತ್ತೆಗೆ ಮೆತ್ತುವ ಕೆಲಸ ತಪ್ಪಿತು, ಕಾಯುವ ಕೆಲಸ ಹತ್ತಿತು. ಮಧ್ಯಾಹ್ನದ ನಿದ್ದೆ ಹೋಯಿತು. ತುಳಸಿಗೇರಿಯಲ್ಲಿದ್ದ ತಂಗಿ ಎಷ್ಟು ಸಲ ಕರೆದರೂ ಒಂದು ದಿನದ ಮಟ್ಟಿಗೂ ಹೋಗಲಿಲ್ಲ. ಒಂದು ರವಿವಾರ ನಾನು, "ನೀವು ಮಲಗ್ರಿ ಅತ್ತಿ, ನಾ ಹೇಳ್ತೇನಿ" ಎಂದು ಅವರನ್ನು ಒಳಗೆ ಕಳಿಸಿದೆ. ಮಾವ ಕೇಳಿದರು. "ನಾ ಮುಚ್ಚೇನ್ರಿ ಮಾವಾರ," ಎಂದೆ.

"ನೀ ಯಾರವ್ವ ನಮ್ಮ ಮನಿ ಗ್ವಾಡಿ ಮುಚ್ಚಾಕ?" ಎಂದರು.

ಇಪ್ಪತ್ತೈದು ವರ್ಷ ರೊಟ್ಟಿ ಬಡಿದು ಹಾಕಿದವಳಿಗೆ ಆ ಮಾತು. ಅತ್ತೆ ಹಾಸಿಗೆಯಿಂದ ಎದ್ದು ಬಂದು "ನಾನ್ರಿ, ನಾನ" ಎಂದ ಮೇಲೆಯೇ ಅವರು ಗೋಡೆ ಬಿಟ್ಟದ್ದು.

ಚಳಿಗಾಲದ ಒಂದು ಬೆಳಿಗ್ಗೆ ಚಹಾ ಕುಡಿದು, "ಯಾಕೋ ಭಾಳ ದಣದೇನವ್ವ, ಒಂದೀಟ ಅಡ್ಡಾಗ್ತೇನಿ" ಎಂದು ಅತ್ತೆ ಮಲಗಿದರು. ದವಾಖಾನೆಗೆ ಒಯ್ಯುವ ಹೊತ್ತಿಗೆ ಮುಗಿದಿತ್ತು.

ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ಪಡಸಾಲೆಯಲ್ಲಿ ಕಿಟಕಿ ಇಲ್ಲದ್ದು ಅತ್ತೆ ಮೆತ್ತುತ್ತಿದ್ದ ಗೋಡೆಯೊಂದೇ. ಹೆಗಲು ಬಾಗದಂತೆ ಬಟ್ಟೆ ಕಟ್ಟಲು ಯಾರೋ ಎರಡು ದೊಡ್ಡ ಮೊಳೆ ತಂದು ಆಚೆ ಈಚೆ ಹೊಡೆದರು. ಗಿಲಾವು ಉದುರಿ ಅತ್ತೆಯ ಸೀರೆಯ ಮೇಲೆ ಬಿತ್ತು. ಅದನ್ನು ಜಾಡಿಸುವಾಗ ನನಗೆ ಅಳು ಬಂತು. ಮಾವ ಮೂಲೆಯ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ "ಯಾರ ಮನ್ಯಾಗ ಏನಾಗೈತಿ?" ಎಂದು ಕೇಳುತ್ತಿದ್ದರು. ಅವರ ಹಳೆಯ ವಿದ್ಯಾರ್ಥಿಗಳು ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದರು. ಅತ್ತೆ ಇಷ್ಟು ದಿನ ತಡೆದು ಹಿಡಿದದ್ದು ಅವತ್ತು ಎಲ್ಲರಿಗೂ ತಿಳಿಯಿತು.

ಅತ್ತೆಯ ದಿನದ ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಮೊಳೆ ಕಿತ್ತಿದ್ದರು, ಎರಡು ತೂತು ಹಾಗೇ ಇದ್ದವು. ಮಧ್ಯಾಹ್ನ ಮಾವ ಎದ್ದು ಗೋಡೆಯ ಹತ್ತಿರ ಹೋದರು. ನಾನು ಉತ್ತರ ಸಿದ್ಧ ಮಾಡಿಕೊಂಡು ಹಿಂದೆ ನಿಂತೆ. ಅತ್ತಿ ಮುಚ್ಚ್ಯಾರ್ರಿ ಅನ್ನಬೇಕು, ಅಷ್ಟೇ. ಅವರು ಅತ್ತೆ ಮೆತ್ತಿದ ಜಾಗವನ್ನು ಅಂಗೈಯಿಂದ ಸವರಿದರು. ಏನೂ ಕೇಳಲಿಲ್ಲ. ಆಮೇಲೆ ಅವರ ಬೆರಳು ಮೊಳೆಯ ತೂತಿನೊಳಗೆ ಇಳಿಯಿತು. ಇನ್ನೊಂದರೊಳಗೂ ಇಳಿಯಿತು. ನನ್ನ ಕಡೆ ತಿರುಗಿದರು.

"ಇವನ್ನ ಇನ್ನೂ ಮುಚ್ಚೇ ಇಲ್ಲಲ್ಲ," ಎಂದರು. "ಎಲ್ಲಿ ಹೋಗ್ಯಾಳ ಅಕಿ?"