ಸಾಣಿಗೆಯ ಮೇಲೆ ಉಳಿದದ್ದು

ರಾಯಚೂರಿನ ನಮ್ಮ ಓಣಿಯಲ್ಲಿ ಮಾಳಿಗೆ ಮೇಲೆ ಬೋನ್ಸಾಯ್ ಬೆಳೆಸುತ್ತಿದ್ದವರು ಎದುರು ಮನೆಯ ಅಜ್ಜ ಒಬ್ಬರೇ. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಜೀವಮಾನವೆಲ್ಲ ಜರಡಿ ಯಂತ್ರ ನೋಡಿಕೊಂಡಿದ್ದವರು. ಯಾವ ಕುಂಡದ ಮುಂದೆ ನಿಂತರೂ ಮೊದಲು ಮಣ್ಣಿನೊಳಗೆ ಬೆರಳಿಳಿಸಿ, ಆಮೇಲೆ ಅದನ್ನು ಮೂಸಿ ನೋಡುವರು. "ಬೇರಿಗೂ ಉಸಿರಾಡಾಕ ಜಾಗ ಬೇಕ್ರಿ" ಎನ್ನುವರು.

ಅವರನ್ನು ನೋಡಿ ನಾನೂ ಕುಂಡದಲ್ಲಿ ನೆಟ್ಟ ಪುಟ್ಟ ಆಲ ಎಲೆ ಉದುರಿಸತೊಡಗಿದಾಗ ಅವರನ್ನೇ ಕೇಳಿದೆ. ನಮ್ಮ ಎರೆಮಣ್ಣು ಬೇಡವೇ ಬೇಡ, ನೀರು ಬಿದ್ದರೆ ಮುದ್ದೆ, ಒಣಗಿದರೆ ಬಿರುಕು ಎಂದರು. ಇಟ್ಟಂಗಿ ಚೂರು ಎರಡು ಪಾಲು, ಕೆಂಪುಮಣ್ಣು ಒಂದು, ಹಳೇ ಸಗಣಿಗೊಬ್ಬರ ಒಂದು. ಇಟ್ಟಂಗಿ ನಮ್ಮ ಬಿಸಿಲಿಗೂ ತೇವ ಹಿಡಿದಿಡುತ್ತದಂತೆ. "ಎಲ್ಲಾ ಚೆಂದಗೆ ಸಾಣಿಸ್ರಿ, ಯವ್ವಾ."

ಹಿಟ್ಟಿನ ಜರಡಿಯಲ್ಲೇ ಎಲ್ಲ ಸಾಣಿಸಿದೆ. ಹದಿನೈದು ದಿನದಲ್ಲಿ ಗಿಡ ಇನ್ನಷ್ಟು ಬೋಳಾಯಿತು. ಅವರು ಬಂದು ಕುಂಡಕ್ಕೆ ಬೆರಳಿಟ್ಟರು. ಬೆರಳು ಒಳಗೆ ಇಳಿಯಲೇ ಇಲ್ಲ.

"ಸಾಣಿಸಿ ಯಾವುದು ಹಾಕಿದ್ರಿ?"

"ಕೆಳಗ ಬಿದ್ದದ್ದು ಹಾಕೀನ್ರಿ. ಮ್ಯಾಲಿಂದು ಚೆಲ್ಲೀನಿ."

ಅವರು ನನ್ನ ಕೈಗಳನ್ನೇ ನೋಡಿದರು. "ಜ್ವಾಳದ ಹಿಟ್ಟು ಸಾಣಿಸಿದ ಕೈ ಅವು, ಮತ್ತೇನ್ ಮಾಡ್ತಾವ! ನಮ್ಮ ಮಿಲ್ಲಿನಾಗ ನುಚ್ಚು ಕೆಳಗ ಬೀಳ್ತದ, ಅಕ್ಕಿ ಮ್ಯಾಲ ಉಳೀತದ. ಅದನ್ನ ಹೇಳೂದು ನಾನೇ ಮರತೆ."

ಕಾಂಪೌಂಡಿನ ಮೂಲೆಯಲ್ಲಿ ಚೆಲ್ಲಿದ್ದ ಚೂರುಗಳನ್ನು ಇಬ್ಬರೂ ಕುಕ್ಕರಗಾಲಲ್ಲಿ ಕೂತು ಆರಿಸಿ, ಕುಂಡದ ಪುಡಿಮಣ್ಣು ತೆಗೆದು ಅವನ್ನೇ ತುಂಬಿದೆವು.

ಆಲ ಚಿಗುರಿದ ದಿನ ಅವರು ಬಂದು ಬೆರಳಿಳಿಸಿ, ಮೂಸಿ ನೋಡಿ ಹೋದರು. ಈಗ ಅವರಿಲ್ಲ. ಹಿಟ್ಟು ಸಾಣಿಸುವಾಗ ಮೇಲುಳಿದ ತೌಡನ್ನು ಚೆಲ್ಲುವ ಮುಂಚೆ ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.