ಗ್ಯಾನಪ್ಪನ ಬೂಸ್ಟರ್ ಸೀಟು

ಸಿಂಧನೂರಿನಲ್ಲಿ ಬಾಡಿಗೆ ಕಾರು ಓಡಿಸುವ ಗ್ಯಾನಪ್ಪ ಬಹಳ ಕುಳ್ಳ. ಎದುರಿಗೆ ಬರುವವರಿಗೆ ಕಾರು ತಾನೇ ಓಡಿ ಬರುತ್ತಿದೆ ಎನಿಸುತ್ತಿತ್ತು. ಕೊನೆಗೆ ಅವನು ಮಕ್ಕಳನ್ನು ಕಾರಿನಲ್ಲಿ ಎತ್ತರಕ್ಕೆ ಕೂರಿಸುವ ಬೂಸ್ಟರ್ ಸೀಟು ತರಿಸಿ ತನ್ನ ಸೀಟಿನ ಮೇಲಿಟ್ಟುಕೊಂಡ. ರಸ್ತೆ ಪೂರ್ತಿ ಕಂಡಿತು, ಮೀಸೆ ತಿರುವಲು ಕನ್ನಡಿಯೂ ಸಿಕ್ಕಿತು.

ಒಂದು ಮಧ್ಯಾಹ್ನ ಅವನು ಸ್ಟ್ಯಾಂಡಿನಲ್ಲಿದ್ದಾಗ ಸೀಟಿನ ಕಂಪನಿಯ ಹುಡುಗಿ ಫೋನು ಮಾಡಿದಳು. ಬೆಲ್ಟಿನ ಕೊಂಡಿ ಮುರಿಯುವ ಭಯವಿದೆಯೆಂದು ಆ ಸೀಟುಗಳನ್ನೆಲ್ಲ ವಾಪಸ್ ಪಡೆದು ಹೊಸದು ಕೊಡುತ್ತಿದ್ದರಂತೆ.

"ಮಗುವಿಗೆ ಎಷ್ಟು ವಯಸ್ಸು ಸರ್?"

"ಐವತ್ತೆರಡು ನೋಡ್ರಿ."

ಹುಡುಗಿ ಅದನ್ನು ತಿಂಗಳೆಂದುಕೊಂಡು ಬರೆದುಕೊಂಡಳು. "ಸೀಟಿನಲ್ಲಿ ಸುಮ್ಮನೆ ಕೂರುತ್ತಾ?"

"ಎಲ್ಲಿ ಸುಮ್ನ ಕುಂಡ್ರತೈತ್ರಿ? ದಿನಾ ಲಿಂಗಸುಗೂರಿಗೆ ಗಾಡಿ ಹೊಡಿತೈತಿ!"

"ಅಯ್ಯೋ, ಹಿಂದಿನ ಸೀಟಿನಲ್ಲೇ ಕೂರಿಸಬೇಕು ಸರ್!"

"ಹಿಂದ ಕುಂತ್ರ ಗಾಡಿ ಯಾರ ಹೊಡೀಬೇಕವ್ವ, ನೀ ಬರ್ತೀಯೇನು?"

ಹಳೆಯ ಸೀಟು ಕಳಿಸಿಕೊಟ್ಟಾಗ ಅವನಿಗೆ ಕುರ್ಚಿ ಕಳೆದುಕೊಂಡ ಮಂತ್ರಿಯಷ್ಟೇ ಸಂಕಟವಾಯಿತು. ಹೆಂಡತಿ ಯಮನಮ್ಮ ಕೌದಿ ಮಡಿಚಿ ಹಾಸಿಕೊಟ್ಟಳು. ಮಸ್ಕಿ ಮುಟ್ಟುವಷ್ಟರಲ್ಲಿ ಕೌದಿ ಕುಗ್ಗಿ, ಗ್ಯಾನಪ್ಪ ಮತ್ತೆ ಕಾಣದಂತಾಗಿದ್ದ.

ವಾರದೊಳಗೆ ಹೊಸ ಸೀಟು ಬಂತು. ಜೊತೆಗೆ, ಆದ ತೊಂದರೆಗೆಂದು ಮಗುವಿಗೊಂದು ಆಟಿಕೆಯ ಸ್ಟೇರಿಂಗ್. ಒತ್ತಿದರೆ ಪೀಂ ಎನ್ನುತ್ತಿತ್ತು. ಗ್ಯಾನಪ್ಪನ ಮುಖ ಗಂಟಾಯಿತು. ಯಮನಮ್ಮ ಅದನ್ನು ಕಸಿದುಕೊಂಡು ಕಾರಿನಲ್ಲಿ ಅವನ ಪಕ್ಕದಲ್ಲಿ ಕುಳಿತಳು.

"ನೀ ಗಾಡಿ ಹೊಡಿ, ಹಾರ್ನ್ ನಾ ನೋಡ್ಕೋತೀನಿ."

ಸಂತೆಕಲ್ಲೂರಿನ ತವರಿನವರೆಗೂ ಎಮ್ಮೆ ಕಂಡಲ್ಲೆಲ್ಲ ಒತ್ತಿದಳು. ಗ್ಯಾನಪ್ಪನ ಹಾರ್ನಿಗೆ ಎಂದೂ ಕಿವಿಗೊಡದ ಎಮ್ಮೆಗಳು ಆ ಪೀಂ ಕೇಳಿ ಲಗುಬಗೆಯಿಂದ ದಾರಿ ಬಿಟ್ಟವು.